ಹಳೇ ಪಿಕಪ್‌ನ ಮಿಸ್ಸಿಂಗ್ ಹುಡುಕಿದ ಕಥೆ

ಡಿಸೆಂಬರ್ ಎರಡನೇ ವಾರ. ಮೂಡಿಗೆರೆ ಕಡೆ ಬೆಳಿಗ್ಗೆ ಹೊತ್ತು ಕೈ ಮರಗಟ್ಟುವಷ್ಟು ಚಳಿ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಆರೂವರೆಗೆ ಶೆಡ್ಡಿಗೆ ಹೋಗಿ ಪಿಕಪ್‌ಗೆ ಸೆಲ್ಫ್ ಹೊಡೆದೆ. ಇಂಜಿನ್ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಹೊಡೆದೆ, ಆಗಲೂ ಇಲ್ಲ. ಮೂರನೇ ಸಲಕ್ಕೆ ಒದ್ದಾಡಿಕೊಂಡು ಸ್ಟಾರ್ಟ್ ಆಯಿತು. ಆಮೇಲೆ ಇಡೀ ಗಾಡಿ ನಡುಗಲು ಶುರುವಾಯಿತು. ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಚೀಟಿ ಜಾರಿ ಕೆಳಗೆ ಬಿತ್ತು. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು ಶೆಡ್ ತುಂಬಿಕೊಂಡಿತು. ಕಣ್ಣು ಉರಿಯುವಂಥ ಹೊಗೆ ಅದು, ಹಸಿ ಡೀಸೆಲ್ ವಾಸನೆ.

ಇದು 2007ರ ಗಾಡಿ. ಅಪ್ಪ ತೆಗೆದುಕೊಂಡಿದ್ದು. ಎರಡೂವರೆ ಲೀಟರ್ ಡೀಸೆಲ್ ಇಂಜಿನ್, ನಾಲ್ಕು ಸಿಲಿಂಡರ್, ಡೀಸೆಲ್ ಒತ್ತಿ ಕಳಿಸಲು ಹಳೇ ಕಾಲದ ಮೆಕ್ಯಾನಿಕಲ್ ಪಂಪ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ತೋಟದ ಗೊಬ್ಬರದಿಂದ ಹಿಡಿದು ಅಕ್ಕನ ಮದುವೆ ಸಾಮಾನಿನವರೆಗೆ ಎಲ್ಲವನ್ನೂ ಹೊತ್ತಿದೆ. ಇದನ್ನು ಮಾರುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಆವತ್ತು ಹತ್ತು ನಿಮಿಷ ಬಿಟ್ಟ ಮೇಲೆ ಇಂಜಿನ್ ಬಿಸಿಯಾಗಿ ನಡುಕ ಸ್ವಲ್ಪ ಕಡಿಮೆಯಾಯಿತು. ಇಪ್ಪತ್ತು ಚೀಲ ಕಾಫಿ ಹಾಕಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗಿಗೆ, ಅಂದರೆ ಕಾಫಿ ಸಿಪ್ಪೆ ಬಿಡಿಸಿ ಹದ ಮಾಡುವ ಕಡೆಗೆ, ಹೊರಟೆ. ಐವತ್ತು ಕೆಜಿ ಚೀಲ, ಅಂದರೆ ಒಂದು ಟನ್. ಈ ಗಾಡಿಗೆ ಅದೇನೂ ಭಾರವಲ್ಲ. ಆದರೆ ಏರು ಬಂದ ಕಡೆಯೆಲ್ಲ ಪುಲ್ಲಿಂಗ್ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಎಳೆಯುತ್ತದೆ, ತಕ್ಷಣ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಆಗುತ್ತದೆ, ಮತ್ತೆ ಎಳೆಯುತ್ತದೆ. ಮೂರನೇ ಗೇರಿನಲ್ಲಿ ಹೋಗುವ ಏರಿಗೆ ಎರಡನೇ ಗೇರ್ ಹಾಕಬೇಕಾಯಿತು. ನಮ್ಮ ಕಡೆ ಇದಕ್ಕೆ ಮಿಸ್ಸಿಂಗ್ ಅಂತಾರೆ. ನಾಲ್ಕು ಸಿಲಿಂಡರ್‌ನಲ್ಲಿ ಯಾವುದೋ ಒಂದು ತನ್ನ ಸರದಿ ಬಂದಾಗ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ದಾರಿಯಲ್ಲಿ ಒಂದು ಗ್ಯಾರೇಜಿಗೆ ತೋರಿಸಿದೆ. ಡೀಸೆಲ್ ಫಿಲ್ಟರ್ ಎರಡೂ ಬದಲಾಯಿಸಿದರು. ಏರ್ ಫಿಲ್ಟರ್ ಬದಲಾಯಿಸಿದರು. ಟ್ಯಾಂಕ್ ಇಳಿಸಿ ತೊಳೆದರು. ನಾಲ್ಕು ಸಾವಿರ ಚಿಲ್ಲರೆ ಆಯಿತು. ಎರಡು ದಿನ ಚೆನ್ನಾಗಿತ್ತು ಅನ್ನಿಸಿತು. ಮೂರನೇ ದಿನ ಬೆಳಿಗ್ಗೆ ಮತ್ತೆ ಅದೇ ಬಿಳಿ ಹೊಗೆ, ಅದೇ ನಡುಕ. ಪಂಪ್ ಹೋಗಿದೆ, ಪೂರ್ತಿ ಇಳಿಸಬೇಕು ಅಂತ ಒಬ್ಬರು ಅಂದರು. ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಿ ಕೆಲಸ ಮಾಡಿಸಬೇಕು ಅಂತ ಇನ್ನೊಬ್ಬರು ಅಂದರು. ಇಂಜಿನ್ ಕೆಲಸ ಅಂದರೆ ಕಾಫಿ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾವ ಸಿಲಿಂಡರ್ ಅಂತಲೇ ಯಾರೂ ನೋಡಿಲ್ಲ, ಆಗಲೇ ಪಂಪ್ ಇಳಿಸು ಅಂತಾರಲ್ಲ ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ನನ್ನ ಜೊತೆ ಓದಿದವನೊಬ್ಬ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಹತ್ತಿರವೂ ಹಳೇ ಪಿಕಪ್ ಇದೆ, ಪೆಟ್ರೋಲ್, ಎಂಟು ಸಿಲಿಂಡರ್. ಅವನಿಗೆ ಫೋನ್ ಮಾಡಿದೆ. ಅಲ್ಲಿ 1996ರ ಮಾಡೆಲ್‌ನಿಂದ ಈಚೆಗೆ ಎಲ್ಲ ಕಾರು, ಪಿಕಪ್‌ಗಳಲ್ಲೂ ಓಬಿಡಿ-2, ಅಂದರೆ ಗಾಡಿ ತನ್ನ ದೋಷ ತಾನೇ ಪತ್ತೆ ಹಚ್ಚುವ ವ್ಯವಸ್ಥೆ, ಕಡ್ಡಾಯ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದರೆ ಗಾಡಿಯೇ ತನ್ನ ಕಾಯಿಲೆಯ ಕೋಡ್ ಹೇಳುತ್ತದೆ. ಪಿ0303 ಬಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0305 ಬಂದರೆ ಐದನೆಯದು. ಪಿ0300 ಬಂದರೆ ಇಂಥದ್ದೇ ಅಂತಿಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಹೊಡೆಯುತ್ತಿದೆ ಅಂತ. ಅವನದು ಪಿ0303 ತೋರಿಸಿತ್ತಂತೆ. ಮೂರನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವುದು) ತೆಗೆದು ನಾಲ್ಕನೆಯದಕ್ಕೆ ಹಾಕಿದ್ದಾನೆ. ಕೋಡ್ ಪಿ0304 ಆಗಿದೆ. ಕಾಯಿಲೆ ಕಾಯಿಲ್ ಜೊತೆಗೇ ಹೋಯಿತು, ಅಂದರೆ ಕಾಯಿಲ್‌ದೇ ತಪ್ಪು. ಒಂದು ಕಾಯಿಲ್ ತಂದು ಹಾಕಿ ಮುಗಿಸಿದ್ದಾನೆ.

"ನಿನ್ನ ಗಾಡಿಗೆ ಸ್ಕ್ಯಾನರ್ ಇಲ್ಲ, ಆದರೆ ಕಿವಿ ಇದೆಯಲ್ಲ ಮಾರಾಯ. ಮಿಸ್ ಲೆಕ್ಕಕ್ಕೆ ಸರಿಯಾಗಿ ಬರ್ತಿದೆಯಾ, ಹೇಗೆಂದರೆ ಹಾಗೆ ಬರ್ತಿದೆಯಾ, ಮೊದಲು ಅದನ್ನು ಕೇಳು" ಅಂದ.

ಈ ಒಂದು ಮಾತು ನನಗೆ ನಾಲ್ಕು ಸಾವಿರಕ್ಕಿಂತ ಜಾಸ್ತಿ ಬೆಲೆಬಾಳಿತು. ಮಿಸ್ಸಿಂಗ್‌ನಲ್ಲಿ ಎರಡು ಜಾತಿ. ಒಂದು ತಾಳ ಹಾಕಿದ ಹಾಗೆ ಬರುತ್ತದೆ. ಟಕ್ ಟಕ್ ಟಕ್ ಆಗಿ ನಾಲ್ಕನೆಯದು ಖಾಲಿ, ಮತ್ತೆ ಟಕ್ ಟಕ್ ಟಕ್, ಮತ್ತೆ ಖಾಲಿ. ಇದು ಒಂದೇ ಸಿಲಿಂಡರ್‌ನ ತೊಂದರೆ. ಆ ಸಿಲಿಂಡರ್‌ನ ಡೀಸೆಲ್ ಸಿಂಪಡಿಸುವ ನಾಜಲ್, ವಾಲ್ವ್, ಕಂಪ್ರೆಷನ್ (ಗಾಳಿ ಒತ್ತುವ ಬಲ), ಇಲ್ಲವೇ ಅದಕ್ಕೆ ಹೋಗುವ ಪೈಪ್. ಇನ್ನೊಂದಕ್ಕೆ ತಾಳವೇ ಇಲ್ಲ. ಒಮ್ಮೆ ಸರಿ, ಒಮ್ಮೆ ಎರಡು ಖಾಲಿ, ಮತ್ತೆ ಸುಮಾರು ಹೊತ್ತು ಸರಿ. ಇದು ನಾಲ್ಕಕ್ಕೂ ಒಟ್ಟಿಗೆ ಬರುವುದರ ತೊಂದರೆ. ಡೀಸೆಲ್ ಲೈನಿನಲ್ಲಿ ಗಾಳಿ, ನೀರು, ಕಟ್ಟಿಕೊಂಡ ಫಿಲ್ಟರ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಸೋತಿರುವುದು.

ಮರುದಿನ ಬೆಳಿಗ್ಗೆ ಅಕ್ಕನ ಮಗನನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಅವನು ಐಟಿಐ ಓದುತ್ತಿದ್ದಾನೆ, ಇಂಥ ಕೆಲಸ ಅಂದರೆ ಇಷ್ಟ. ಅವನು ಸೆಲ್ಫ್ ಹೊಡೆದ. ನಾನು ಸೈಲೆನ್ಸರ್ ಹತ್ತಿರ ಕೂತು ಕೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಚೆನ್ನಾಗಿ ಗೊತ್ತಾಗುತ್ತದೆ. ಮೂರು ಹೊಡೆತ, ಒಂದು ಖಾಲಿ. ಮೂರು ಹೊಡೆತ, ಒಂದು ಖಾಲಿ. ತಪ್ಪದ ತಾಳ.

ಹಾಗಾದರೆ ಯಾವುದು? ಇದಕ್ಕೆ ಬಹಳ ಸುಲಭದ ಪರೀಕ್ಷೆ ಇದೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಡಬೇಕು. ಸಿಲಿಂಡರ್ ಹೆಡ್‌ನಿಂದ ಹೊಗೆ ಹೊರಗೆ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆಯಲ್ಲ, ಅದರ ನಾಲ್ಕು ಕವಲಿನ ಮೇಲೂ ಒಂದೊಂದು ಹನಿ ನೀರು ಬಿಡಬೇಕು. ನಾನು ಒಂದು ಲೋಟದಲ್ಲಿ ನೀರು ತೆಗೆದುಕೊಂಡು ಬೆರಳಿನಿಂದ ಹನಿ ಬಿಟ್ಟೆ. ರೇಡಿಯೇಟರ್ ಕಡೆಯಿಂದ ಒಂದನೆಯದು, ಚುಂಯ್ ಅಂತ ಹಾರಿತು. ಎರಡನೆಯದೂ ಹಾರಿತು. ಮೂರನೆಯದರ ಮೇಲೆ ಹನಿ ಹಾಗೇ ಕೂತಿತು. ತುಕ್ಕು ಬಣ್ಣದ ಎರಕದ ಮೇಲೆ ಹರಡಿಕೊಂಡು, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು, ಇಂಜಿನ್ ನಡುಕಕ್ಕೆ ತಾನೂ ನಡುಗುತ್ತಾ ನಿಂತಿತ್ತು. ನಾಲ್ಕನೆಯದು ಮತ್ತೆ ಚುಂಯ್ ಅಂತು. ಹುಡುಗ ಬಗ್ಗಿ ನೋಡಿ "ಮಾವ, ಮೂರನೆಯದು ಉರೀತಾನೇ ಇಲ್ಲ!" ಅಂತ ಕೂಗಿದ. ನನಗೂ ಅಷ್ಟೇ ಖುಷಿಯಾಯಿತು. ಹತ್ತು ದಿನದಿಂದ ಎಲ್ಲರೂ ಊಹೆ ಮಾಡುತ್ತಿದ್ದುದು ಒಂದು ಹನಿ ನೀರಿನಲ್ಲಿ ಗೊತ್ತಾಗಿತ್ತು.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆ. ಪಂಪ್‌ನಿಂದ ನಾಜಲ್‌ಗೆ ಹೋಗುವ ಉಕ್ಕಿನ ಪೈಪ್‌ಗಳ ನಟ್ಟನ್ನು, ಇಂಜಿನ್ ಓಡುತ್ತಿರುವಾಗ, ಒಂದೊಂದಾಗಿ ಅರ್ಧ ಸುತ್ತು ಸಡಿಲ ಮಾಡುವುದು. ಡೀಸೆಲ್ ಅಲ್ಲೇ ಸೋರಿಹೋಗಿ ಆ ಸಿಲಿಂಡರ್ ನಿಲ್ಲುತ್ತದೆ. ಕೆಲಸ ಮಾಡುತ್ತಿದ್ದ ಸಿಲಿಂಡರ್ ಆದರೆ ಇಂಜಿನ್ ಸದ್ದು ತಕ್ಷಣ ಬಿದ್ದುಹೋಗುತ್ತದೆ. ಮೊದಲೇ ಸತ್ತಿದ್ದ ಸಿಲಿಂಡರ್ ಆದರೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ಒಂದು, ಎರಡು, ನಾಲ್ಕು ಸಡಿಲ ಮಾಡಿದಾಗ ಇಂಜಿನ್ ನಿಂತೇಹೋಗುವ ಹಾಗಾಯಿತು. ಮೂರು ಸಡಿಲ ಮಾಡಿದಾಗ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಬಿಳಿ ಹೊಗೆ ಕಡಿಮೆಯೇ ಆಯಿತು. ಅಂದರೆ ಮೂರಕ್ಕೆ ಡೀಸೆಲ್ ಹೋಗುತ್ತಿದೆ, ಆದರೆ ಉರಿಯದೆ ಹಾಗೇ ಹೊಗೆಯಾಗಿ ಹೊರಗೆ ಬರುತ್ತಿದೆ.

ಈ ಪರೀಕ್ಷೆ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಹಳೇ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗೆ ಮಾತ್ರ. ಎಲ್ಲ ನಾಜಲ್‌ಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ, ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಪೈಪಿನೊಳಗೆ ಸಾವಿರ ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಲೇಬಾರದು. ಹಳೇ ಗಾಡಿಯಲ್ಲೂ ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಬೇಕು. ಆ ಒತ್ತಡದಲ್ಲಿ ಸಿಡಿಯುವ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹುಡುಗನನ್ನು ನಾನು ಕ್ಯಾಬಿನ್‌ನಿಂದ ಇಳಿಯಲು ಬಿಡಲಿಲ್ಲ.

ಈಗ ಮೂರನೆಯದು ಯಾಕೆ ಉರಿಯುತ್ತಿಲ್ಲ? ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ. ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಬಿಸಿಗೆ ನಾಜಲ್‌ನಿಂದ ಮಂಜಿನ ಹಾಗೆ ಬಂದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಹಾಗಾಗಿ ಎರಡೇ ಪ್ರಶ್ನೆ. ಗಾಳಿ ಸಾಕಷ್ಟು ಬಿಸಿ ಆಗುತ್ತಿಲ್ಲವೇ, ಅಂದರೆ ಕಂಪ್ರೆಷನ್ ಸೋರುತ್ತಿದೆಯೇ? ಇಲ್ಲಾ ಡೀಸೆಲ್ ಮಂಜಾಗಿ ಬರುತ್ತಿಲ್ಲವೇ? ಮೊದಲನೆಯದಾದರೆ ಇಂಜಿನ್ ಕೆಲಸ. ಎರಡನೆಯದಾದರೆ ನಾಜಲ್. ಖರ್ಚಿನಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಟೆಕ್ಸಾಸ್ ಗೆಳೆಯನ ಕಾಯಿಲ್ ಲೆಕ್ಕವೇ ಇಲ್ಲಿಗೂ ಆಗುತ್ತದೆ ಅನ್ನಿಸಿತು. ಎರಡು ಮತ್ತು ಮೂರನೇ ನಾಜಲ್ ಅದಲುಬದಲು ಮಾಡುವುದು. ತಾಲೂಕು ಪೇಟೆಯಿಂದ ಹೊಸ ತಾಮ್ರದ ವಾಷರ್ ತಂದೆ. ನಾಜಲ್ ಕೂರುವ ಜಾಗದಲ್ಲಿ ಹಳೇ ವಾಷರ್ ಮತ್ತೆ ಹಾಕಿದರೆ ಅಲ್ಲಿಂದಲೇ ಕಂಪ್ರೆಷನ್ ಸೋರುತ್ತದೆ, ಹೊಸ ತೊಂದರೆ ನಾವೇ ಮಾಡಿಕೊಂಡ ಹಾಗಾಗುತ್ತದೆ. ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದೆ. ಸುತ್ತಲಿನ ಧೂಳು, ಕಾಫಿ ಹೊಟ್ಟು ಎಲ್ಲವನ್ನೂ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದು ತೆಗೆದೆ. ತೆಗೆದ ಪೈಪ್‌ಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ. ಈ ಕೆಲಸದಲ್ಲಿ ಒಂದು ಮರಳಿನ ಕಣ ಒಳಗೆ ಹೋದರೂ ಒಂದು ನಾಜಲ್ ಹೋಯಿತು ಅಂತಲೇ ಲೆಕ್ಕ.

ಎರಡು ಗಂಟೆ ಹಿಡಿಯಿತು. ಮತ್ತೆ ಪೈಪ್ ಕಟ್ಟಿ, ಲೈನಿನೊಳಗೆ ಸೇರಿದ ಏರ್ ತೆಗೆದು, ಸ್ಟಾರ್ಟ್ ಮಾಡಿ ನೀರಿನ ಹನಿ ಬಿಟ್ಟೆವು. ಈ ಸಲ ಮೂರನೆಯದು ಚುಂಯ್ ಅಂತು. ಎರಡನೆಯದರ ಮೇಲೆ ಹನಿ ಹಾಗೇ ಕೂತಿತು.

ಕಾಯಿಲೆ ನಾಜಲ್ ಜೊತೆಗೇ ಜಾಗ ಬದಲಾಯಿಸಿತ್ತು. ಮೂರನೇ ಸಿಲಿಂಡರ್ ಆರೋಗ್ಯವಾಗಿತ್ತು. ಪಂಪ್ ಕೂಡ. ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಬಂದು ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ನಾಲ್ಕೂ ನಾಜಲ್ ಬಿಚ್ಚಿಕೊಂಡು ಚಿಕ್ಕಮಗಳೂರಿನಲ್ಲಿ ಪಂಪ್, ನಾಜಲ್ ಕೆಲಸ ಮಾಡುವ ಅಂಗಡಿಗೆ ಹೋದೆ. ಅಲ್ಲಿಯ ಮೇಸ್ತ್ರಿಗೆ ಅರವತ್ತು ದಾಟಿರಬಹುದು. ಟೆಸ್ಟರ್‌ಗೆ ಒಂದೊಂದನ್ನೇ ಕಟ್ಟಿ ಕೈಯಿಂದ ಹಿಡಿಕೆ ಒತ್ತಿ ತೋರಿಸಿದರು. ಒಳ್ಳೇ ನಾಜಲ್ ಕರ್ ಕರ್ ಅಂತ ಕಪ್ಪೆ ಕೂಗಿದ ಹಾಗೆ ಸದ್ದು ಮಾಡುತ್ತಾ, ಎಲ್ಲ ತೂತಿನಿಂದಲೂ ಸಮನಾಗಿ ಮಂಜು ಬಿಡುತ್ತದೆ. ಬಿಟ್ಟ ಮೇಲೆ ತುದಿ ಒಣಗಿರುತ್ತದೆ. ಮೂರು ನಾಜಲ್ ಹಾಗೇ ಇದ್ದವು, 220 ಬಾರ್ ಆಸುಪಾಸಿನಲ್ಲಿ ತೆರೆದುಕೊಂಡವು. ಕೊನೆಗೆ ಉಳಿದ ಒಂದನ್ನು ಕಟ್ಟಿದರು. ಮುಳ್ಳು 180 ಮುಟ್ಟುವ ಮೊದಲೇ ಒಂದು ಕಡೆಯಿಂದ ಸಣ್ಣ ಧಾರೆ ಚಿಮ್ಮಿತು. ಸದ್ದೇ ಇಲ್ಲ. ಹಿಡಿಕೆ ಬಿಟ್ಟ ಮೇಲೂ ತುದಿಯಲ್ಲಿ ಒಂದು ಹನಿ ಬೆಳೆದು, ತೂಗಿ, ಬಿತ್ತು. ಮತ್ತೊಂದು ಹನಿ ಬೆಳೆಯಿತು.

"ಇದು ಪಿಚಕಾರಿ ಆಗಿದೆ ಸಾರ್" ಅಂದರು. "ಹೀಗೇ ಓಡಿಸಿದ್ದರೆ ಪಿಸ್ಟನ್ ತಲೆ ಸುಟ್ಟು ತೂತಾಗ್ತಿತ್ತು. ಆಯಿಲ್ ಕಡ್ಡಿ ಮೂಸಿ ನೋಡಿದ್ರಾ?"

ನೋಡಿರಲಿಲ್ಲ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಮನೆಗೆ ಬಂದು ಕಡ್ಡಿ ಎಳೆದು ಮೂಸಿದೆ, ವಾಸನೆ ಇತ್ತು. ಆವತ್ತೇ ಆಯಿಲ್ ಬದಲಾಯಿಸಿದೆ.

ಅವರು ಕೆಟ್ಟ ನಾಜಲ್‌ನ ಸೂಜಿ ಸೆಟ್ ಹೊಸದು ಹಾಕಿದರು. ಒಳಗೆ ತೆಳು ಶಿಮ್, ಅಂದರೆ ಲೋಹದ ಬಿಲ್ಲೆ, ಕೊಟ್ಟು ನಾಲ್ಕನ್ನೂ ಒಂದೇ ಒತ್ತಡಕ್ಕೆ ತಂದರು. ಎಲ್ಲ ಸೇರಿ ಸಾವಿರದ ಐನೂರರ ಒಳಗೆ ಮುಗಿಯಿತು. ಮನೆಗೆ ಬಂದು ಕಟ್ಟಿದ ಮೇಲೆ ಐಡ್ಲಿಂಗ್‌ನಲ್ಲಿ ಗಾಡಿ ಅಲುಗಲೇ ಇಲ್ಲ. ಬಿಳಿ ಹೊಗೆ ಇಲ್ಲ. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ವಾರದ ನಂತರ ಉಜಿರೆ ಕಡೆ ಹೋಗಿ ಹಳೇ ಮಂಗಳೂರು ಹೆಂಚು ತುಂಬಿಕೊಂಡು ಚಾರ್ಮಾಡಿ ಹತ್ತುತ್ತಿದ್ದೆ. ಅರ್ಧ ಘಾಟಿಯಲ್ಲಿ ಮತ್ತೆ ಜಗ್ಗಲು ಶುರುವಾಯಿತು. ಎದೆ ಧಸಕ್ ಅಂತು. ಜಲಪಾತ ನೋಡಲು ಬಂದವರ ಕಾರುಗಳು ಹಿಂದೆ ಸಾಲುಗಟ್ಟಿದವು. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡದೆ ಕೇಳಿದೆ. ಈ ಸಲ ತಾಳ ಇರಲಿಲ್ಲ. ಎಂಟು ಹತ್ತು ಹೊಡೆತ ಸರಿ, ಒಂದು ಖಾಲಿ, ಮತ್ತೆ ನಾಲ್ಕು ಸರಿ, ಎರಡು ಖಾಲಿ. ಇದು ಪಿ0300 ಜಾತಿ. ಆಗ ಒಂದು ವಿಷಯ ಹೊಳೆಯಿತು. ಮೊದಲಿನಿಂದಲೂ ಎರಡು ಕಾಯಿಲೆ ಒಟ್ಟಿಗೇ ಇದ್ದವು. ಬೆಳಗಿನ ನಡುಕ ನಾಜಲ್‌ದು. ಏರಿನಲ್ಲಿ ಜಗ್ಗುವುದು ಬೇರೆಯದು. ಬೆಳಿಗ್ಗೆ ಮೂರು ಸಲ ಸೆಲ್ಫ್ ಹೊಡೆಯಬೇಕಾಗುತ್ತಿದ್ದುದು ನಾಜಲ್ ಸರಿಯಾದ ಮೇಲೂ ಪೂರ್ತಿ ಹೋಗಿರಲಿಲ್ಲ. ಚಳಿಗೆ ಇರಬೇಕು ಅಂತ ನಾನೇ ಸುಮ್ಮನಾಗಿದ್ದೆ.

ಹೇಗೋ ಎರಡನೇ ಗೇರಿನಲ್ಲಿ ಕೊಟ್ಟಿಗೆಹಾರ ಮುಟ್ಟಿದೆ. ಮರುದಿನ ಪೇಟೆಯಿಂದ ಒಂದು ಅಡಿ ಪಾರದರ್ಶಕ ಪೈಪ್ ತಂದೆ. ಡೀಸೆಲ್ ತಡೆದುಕೊಳ್ಳುವಂಥದ್ದೇ ಕೇಳಿ ತರಬೇಕು. ಅದನ್ನು ಮೊದಲು ಫಿಲ್ಟರ್ ಮತ್ತು ನಾಜಲ್‌ಗೆ ಡೀಸೆಲ್ ಕಳಿಸುವ ದೊಡ್ಡ ಪಂಪ್ ನಡುವೆ ಹಾಕಿದೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟಾಗ, ಡೀಸೆಲ್ ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಆಗಾಗ ಒಂದು ದೊಡ್ಡ ಗುಳ್ಳೆ ಬಂದಾಗ ಸರಿಯಾಗಿ ಇಂಜಿನ್ ಮುಗ್ಗರಿಸುತ್ತಿತ್ತು. ಗುಳ್ಳೆ ಕಂಡ ಮೇಲೆ ಎರಡೆಣಿಸುವಷ್ಟರಲ್ಲಿ ಮಿಸ್. ಹುಡುಗ ಅದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡ.

ಗಾಳಿ ಎಲ್ಲಿಂದ? ಅದೇ ಪೈಪ್ ತುಂಡನ್ನು ಫೀಡ್ ಪಂಪ್‌ಗೆ ಮೊದಲು, ಟ್ಯಾಂಕ್ ಕಡೆಗೆ ಹಾಕಿದೆ. ಅಲ್ಲೂ ಗುಳ್ಳೆ. ಹಾಗಾದರೆ ಫಿಲ್ಟರ್, ಫೀಡ್ ಪಂಪ್ ಎರಡೂ ಅಲ್ಲ. ಒಂದು ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಹೊಸ ಪೈಪ್ ಹಾಕಿ ನೇರವಾಗಿ ಅದರಿಂದ ಎಳೆಯುವ ಹಾಗೆ ಮಾಡಿದೆ. ಗುಳ್ಳೆ ನಿಂತಿತು. ಇನ್ನು ಉಳಿದಿದ್ದು ಟ್ಯಾಂಕ್‌ನಿಂದ ಇಂಜಿನ್‌ವರೆಗಿನ ಲೈನ್ ಮಾತ್ರ.

ಗೋಣಿ ಹಾಸಿಕೊಂಡು ಗಾಡಿ ಕೆಳಗೆ ಮಲಗಿದೆ. ಚಾಸಿ ಉದ್ದಕ್ಕೂ ಕಬ್ಬಿಣದ ಪೈಪ್ ಬರುತ್ತದೆ. ಟ್ಯಾಂಕ್ ಹತ್ತಿರ ಅದಕ್ಕೆ ಒಂದು ಗೇಣು ರಬ್ಬರ್ ಪೈಪ್ ಜೋಡಿಸಿದೆ. ಮೇಲೆಲ್ಲ ಒಣಗಿದ ಕೆಸರು. ಕೆರೆದು ನೋಡಿದರೆ ಪೈಪ್ ಚೆನ್ನಾಗಿಯೇ ಕಂಡಿತು, ಎಲ್ಲೂ ಡೀಸೆಲ್ ಒಸರಿಲ್ಲ. ಕೈಯಿಂದ ಬಗ್ಗಿಸಿದೆ. ಕ್ಲಿಪ್ ಅಂಚಿನಲ್ಲಿ ರಬ್ಬರ್ ಬಾಯಿ ಬಿಟ್ಟಿತು. ಉಗುರು ಹೋಗುವಷ್ಟು ಬಿರುಕು. ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು.

ಡೀಸೆಲ್ ಯಾಕೆ ಸೋರುತ್ತಿರಲಿಲ್ಲ ಅಂತ ಅನೇಕರು ಆಮೇಲೆ ಕೇಳಿದರು. ಆ ಲೈನಿನಲ್ಲಿ ಡೀಸೆಲ್ ತಳ್ಳುವುದಿಲ್ಲ, ಫೀಡ್ ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ಎಳೆಯುವ ಪೈಪಿನಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಳನೀರು ಕುಡಿಯುವ ಕೊಳವೆ ಸೀಳಿದ್ದರೆ ಬಾಯಿಗೆ ಬರೀ ಗಾಳಿ ಬರುತ್ತದೆಯಲ್ಲ, ಹಾಗೇ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದು, ಗಾಡಿ ಮೂತಿ ಮೇಲೆತ್ತಿ ಏರು ಹತ್ತುವಾಗ ಡೀಸೆಲ್ ಇನ್ನೂ ಮೇಲಕ್ಕೆ ಎಳೆಯಬೇಕು, ಆಗ ಗಾಳಿ ಜಾಸ್ತಿ ನುಗ್ಗುತ್ತದೆ. ರಾತ್ರಿ ನಿಲ್ಲಿಸಿದಾಗ ಅದೇ ಬಿರುಕಿನಿಂದ ಗಾಳಿ ಸೇರಿ, ಲೈನಿನಲ್ಲಿದ್ದ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಖಾಲಿ ಪೈಪಿನಿಂದ ಶುರು ಮಾಡಬೇಕು. ಮೂರು ಸೆಲ್ಫ್ ಬೇಕಾಗುತ್ತಿದ್ದುದು ಇದಕ್ಕೇ. ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿದ ಮೇಲೆ ಎರಡು ದಿನ ಚೆನ್ನಾಗಿದ್ದುದಕ್ಕೂ ಕಾರಣ ಈಗ ಗೊತ್ತಾಯಿತು. ಅವರು ಏರ್ ತೆಗೆದಿದ್ದರು, ಟ್ಯಾಂಕ್ ತೊಳೆದ ಮೇಲೆ ನಾನು ಫುಲ್ ಟ್ಯಾಂಕ್ ಹಾಕಿಸಿದ್ದೆ.

ಡೀಸೆಲ್‌ಗೆ ಆಗುವ ಹೊಸ ರಬ್ಬರ್ ಪೈಪ್ ಎರಡಡಿ, ನಾಲ್ಕು ಕ್ಲಿಪ್. ಇನ್ನೂರು ರೂಪಾಯಿ ಸಹ ಆಗಲಿಲ್ಲ. ಇಂಜಿನ್ ಕಡೆಯ ರಬ್ಬರ್ ತುಂಡನ್ನೂ ಬದಲಾಯಿಸಿದೆ, ಅದಕ್ಕೂ ಅಷ್ಟೇ ವಯಸ್ಸಾಗಿತ್ತು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈ ಪಂಪ್ ಒತ್ತುತ್ತಾ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಏರ್ ತೆಗೆದೆವು. ಪಾರದರ್ಶಕ ಪೈಪನ್ನು ಒಂದು ದಿನ ಹಾಗೇ ಬಿಟ್ಟು ನೋಡಿದೆ. ಒಂದೂ ಗುಳ್ಳೆ ಇಲ್ಲ. ಆಮೇಲೆ ತೆಗೆದು ಮೊದಲಿನ ಪೈಪ್ ಹಾಕಿದೆ. ಪಾರದರ್ಶಕ ಪೈಪ್ ಇಂಜಿನ್ ಬಿಸಿಗೆ ಬೇಗ ಗಡುಸಾಗಿ ಒಡೆಯುತ್ತದೆ, ಅದನ್ನು ಖಾಯಂ ಬಿಡಬಾರದು.

ಜನವರಿ ಮೊದಲ ವಾರ ಟ್ಯಾಂಕ್ ಕಾಲು ಭಾಗ ಇರುವಾಗಲೇ, ಬೇಕೆಂದೇ, ಉಳಿದ ಹೆಂಚು ತರಲು ಮತ್ತೆ ಉಜಿರೆಗೆ ಹೋದೆ. ಹುಡುಗನೂ ಜೊತೆಗೆ ಬಂದ. ಬರುವಾಗ ಚಾರ್ಮಾಡಿಯಲ್ಲಿ ಪ್ರತಿ ತಿರುವಿನಲ್ಲೂ ಇಬ್ಬರೂ ಮಾತಾಡದೆ ಕೇಳುತ್ತಾ ಕೂತಿದ್ದೆವು. ಎಲ್ಲೂ ಜಗ್ಗಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದೆವು. ವಾಪಸ್ ಬಂದು ಕೂತಾಗ ಕೀ ಅವನ ಕೈಗೆ ಕೊಟ್ಟೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. "ಮಾವ, ಬಾನೆಟ್ ಎತ್ತಿ ನೀರು ಬಿಟ್ಟು ನೋಡ್ಲಾ?" ಅಂತ ಕೇಳಿದ. ನೋಡು ಅಂದೆ. ಬಾಟಲಿ ಹಿಡಿದುಕೊಂಡು ಇಳಿದು ಹೋದ. ನಾಲ್ಕು ಸಲ ಚುಂಯ್ ಅಂದಿದ್ದು ಕ್ಯಾಬಿನ್ ಒಳಗೇ ಕೇಳಿಸಿತು.